ಮಲ್ಲಯುದ್ಧವೂ ಹಗೆಯ ಕಥೆಯೂ

ಕೃಷ್ಣೆ ತುಂಗಭದ್ರೆಗಳ ನಡುವೆ ಹರಡಿರುವ ನಾಡಿಗೆ ಪ್ರಾಚೀನ ಶಾಸನಗಳಲ್ಲಿ ಎಡೆದೊರೆನಾಡೆಂದು ಹೆಸರು. ಅಶೋಕನ ಹೆಸರನ್ನೇ ಕೊರೆದಿರುವ ಬಂಡೆಯು ೧೯೧೫ರಲ್ಲಿ ದೊರೆತ ಮಸ್ಕಿಯೂ, ಆ ಸೀಮೆಯ ಪಾಮನಕಲ್ಲೂರು, ಲಿಂಗಸುಗೂರು, ಸಿಂಧನೂರುಗಳೂ ಈ ನಾಡಿನೊಳಗಿನವು. ಈ ನಾಡು ತಾನೇ ಒಂದು ಅಖಾಡವಾಗಿದ್ದಿತೆಂದರೆ ಉತ್ಪ್ರೇಕ್ಷೆಯಾಗದು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದ ಆದಿಲಶಾಹಿಗಳೂ ಇದಕ್ಕಾಗಿ ತೋಳಿಗೆ ತೋಳು ಕೊಟ್ಟು ಹೆಣಗಿದರು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದುದು ಆ ಹೆಣಗಾಟದ ಒಂದು ಪಟ್ಟು. ೧೫೬೫ರಲ್ಲಿ ವಿಜಯನಗರವು ಕೆಡೆದುದು ಅದಕ್ಕೆ ಬಿದ್ದ ಮರುಪಟ್ಟು. ಇಂಥ ನೆಲದ ಜನರಿಗೆ ಮಲ್ಲಯುದ್ಧದಲ್ಲಿ ಆಸಕ್ತಿಯಿರುವುದು ಸಹಜವೇ ಸರಿ. ಜಾತ್ರೆಯಾಗಲಿ ಉರುಸಾಗಲಿ, ತೇರು ಎಳೆದು, ದೇವರು ಗುಡಿ ಸೇರಿದ ಮೇಲೆ ಊರ ಹೊರಗಣ ಬಯಲಿನಲ್ಲಿ ಮಣ್ಣು ಹದಮಾಡಿ ಕುಸ್ತಿಯನ್ನು ಹೂಡುವುದು ಉತ್ತರದ ಕನ್ನಡ ಸೀಮೆಗಳಲ್ಲಿ ಹಿಂದಿನಿಂದ ನಡೆದು ಬಂದಿರುವ ಪದ್ಧತಿ.

ಆದರೆ ಜನರು ಅಲ್ಲಿ ಏನನ್ನು ನೋಡಲು ಕೂಡುವರು? ಎರಡು ಮೈಗಳ ಬಲಾಬಲವನ್ನು ಮಾತ್ರವೇ ಎಂದರೆ ಉತ್ತರವು ಪೂರ್ಣವಾಗದು. ಬಲವನ್ನು ಅಳೆಯುವುದಕ್ಕೆ ಗುಂಡು ಎತ್ತುವ ಪಂದ್ಯವಿದೆ, ಕಲ್ಲೆಳೆಯುವ ಎತ್ತುಗಳಿವೆ. ಕುಸ್ತಿಯಲ್ಲಿ ಅದಕ್ಕಿಂತ ಹೆಚ್ಚಿನದೊಂದಿದೆ. ಇವನು ಹೋದ ವರ್ಷ ಅವನಿಗೆ ಸೋತವನು. ಅವನು ಇವನ ಉಸ್ತಾದನನ್ನು ಹೀಯಾಳಿಸಿದವನು. ಈ ಗರಡಿಗೂ ಆ ಗರಡಿಗೂ ಮೂರು ತಲೆಯಿಂದ ಸರಿಯಿಲ್ಲ—ಹೀಗೆ ಪ್ರತಿಯೊಂದು ದೊಡ್ಡ ಜೋಡಿಯ ಹಿಂದೆಯೂ ಒಂದು ಕಥೆಯಿರುವುದು. ಆ ಕಥೆಯು ಇದ್ದರೆ ಮಣ್ಣಿನ ಸುತ್ತಲೂ ಕಾಲಿಡಲು ಸ್ಥಳವಿಲ್ಲದಷ್ಟು ಜನ. ಇಲ್ಲದಿದ್ದರೆ ತಾಲೀಮಿನ ಹುಡುಗರು ಮಾತ್ರ. ಕಥೆಯು ಕುಸ್ತಿಯನ್ನು ಹಿಂಬಾಲಿಸಿ ಬಂದರೆ ಅದಕ್ಕೆ ಕೀರ್ತಿಯೆಂದು ಹೆಸರು. ಕಥೆಯೇ ಮುಂದಾಗಿ ಕುಸ್ತಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋದರೆ ಏನಾಗುವುದೆಂಬುದನ್ನು ಇಪ್ಪತ್ತನೆಯ ಶತಮಾನದ ಚರಿತ್ರೆಯು ತೋರಿಸಿಕೊಟ್ಟಿದೆ.

ಹಗೆಯ ಕಾರಣಗಳನ್ನು ವಿಂಗಡಿಸಿ ನೋಡಿದವರಲ್ಲಿ ಕನ್ನಡ ನಾಡಿನ ಅರಸನೊಬ್ಬನು ಬಹು ಹಿಂದಿನವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರ ವೇಳೆಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವುಂಟು. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಭಾಗಿಸಿ, ಅವರ ಆಹಾರವೇನು, ಸಾಮು ಎಂತಹದು, ಅರಸನ ಮುಂದೆ ಅವರು ಹೆಣಗುವ ಬಗೆ ಹೇಗೆ ಎಂಬುದನ್ನು ಅಲ್ಲಿ ವಿವರಿಸಿದೆ. ಕನ್ನಡದ ಜಟ್ಟಿ ಎಂಬ ಮಾತಿಗೂ ಈ ಜ್ಯೇಷ್ಠಿಕ ಶಬ್ದಕ್ಕೂ ಇರುವ ನಂಟು ಸ್ಪಷ್ಟವಾಗಿಯೇ ಇದೆ. ಅದೇ ಗ್ರಂಥದಲ್ಲಿ ಅಂಕವಿನೋದವೆಂಬ ಇನ್ನೊಂದು ಪ್ರಕರಣವಿದೆ. ಅಂಕವೆಂದರೆ ಇಬ್ಬರೇ ಎದುರೆದುರು ನಿಂತು ಆಯುಧ ಹಿಡಿದು ಮಾಡುವ ಕಾಳಗ. ತುಳುನಾಡಿನಲ್ಲಿ ಕೋಳಿಯ ಕಾಳಗಕ್ಕೆ ಇಂದಿಗೂ ಕೋಳಿ ಅಂಕವೆಂದೇ ಹೆಸರು. ಸೋಮೇಶ್ವರನು ಈ ಅಂಕಗಳನ್ನು ಆಯುಧದಿಂದಲ್ಲ, ಕಾರಣದಿಂದ ವರ್ಗೀಕರಿಸಿರುವನು: ಮಾತ್ಸರ್ಯದಿಂದ ಹುಟ್ಟಿದ ಅಂಕ, ಭೂಮಿಗಾಗಿ ಹೂಡಿದ ಅಂಕ, ಬಿರುದಿಗಾಗಿ, ವಿದ್ಯೆಯ ಮೇಲ್ಮೆಗಾಗಿ, ಹಳೆಯ ವೈರಕ್ಕಾಗಿ, ದ್ರೋಹಕ್ಕಾಗಿ ಹೂಡಿದ ಅಂಕ, ಹೀಗೆ. ಯಾರು ಹೇಗೆ ಹೊಡೆದಾಡುವರೆಂಬುದಕ್ಕಿಂತ ಏತಕ್ಕಾಗಿ ಹೊಡೆದಾಡುವರೆಂಬುದೇ ನೋಡುವವನಿಗೆ ಮುಖ್ಯವೆಂಬ ಮರ್ಮವು ಆ ಅರಸನಿಗೆ ತಿಳಿದಿದ್ದಿತು. ಇಂದಿನ ವೃತ್ತಿಕುಸ್ತಿಯ ಕಥೆಗಾರರು ಹೂಡುವ ಹಗೆಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದರೆ ಅವು ಈ ಪಟ್ಟಿಯಿಂದ ಹೊರಕ್ಕೆ ಹೋಗುವುದು ಅಪೂರ್ವ.

ಸೋಮೇಶ್ವರನಿಗಿಂತ ಮೊದಲೇ ಕನ್ನಡದ ಕವಿಯೊಬ್ಬನು ಹಗೆಯ ಕಥೆಯನ್ನು ಕಟ್ಟುವ ಬಗೆಯನ್ನು ತೋರಿಸಿದ್ದನು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ರನ್ನನು ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿ ‘ಗದಾಯುದ್ಧ’ವನ್ನು ಬರೆದನು. ಭೀಮ ದುರ್ಯೋಧನರ ಕಡೆಯ ದಿನದ ಕಾಳಗವೇ ಅದರ ವಸ್ತು. ಆದರೆ ಆ ಒಂದು ದಿನಕ್ಕೆ ತೂಕ ಬರಬೇಕಾದರೆ ಹಿಂದಿನ ಅಪಮಾನಗಳೆಲ್ಲ ಓದುವವನ ಕಣ್ಣಮುಂದೆ ಇರಬೇಕು. ಆದುದರಿಂದ ಕವಿಯು ಸಿಂಹಾವಲೋಕನ ಕ್ರಮದಿಂದ ಮಹಾಭಾರತದ ಸಂಗತಿಗಳನ್ನೆಲ್ಲ ಹಿಂದಿರುಗಿ ನೋಡುತ್ತ ಆ ದಿನಕ್ಕೆ ಬಂದು ಸೇರುವನು. ತನ್ನ ಪ್ರಭುವನ್ನೇ ಸಾಹಸಭೀಮನೆಂದು ಕರೆದು, ಪುರಾಣದ ಹಗೆಯನ್ನು ತನ್ನ ಕಾಲದ ಅರಸನ ಕೀರ್ತಿಗೆ ಜೋಡಿಸಿದನು. ಯಾರು ಗೆಲ್ಲುವರೆಂಬುದು ಕೇಳುವವರಿಗೆಲ್ಲ ಮೊದಲೇ ತಿಳಿದ ಸಂಗತಿ. ಆದರೂ ರಸಕ್ಕೆ ಲೋಪವಿಲ್ಲ. ಇದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು. ಭಾರತದ ಆ ಕಥೆಯೊಳಗೇ ಇನ್ನೊಂದು ಪ್ರಶ್ನೆಯೂ ಅಡಗಿದೆ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮೀರಿ ಭೀಮನು ತೊಡೆಯನ್ನು ಮುರಿದಾಗ ಬಲರಾಮನು ಕನಲಿ ಎದ್ದನು. ಹಗೆಯು ಎಷ್ಟೇ ನ್ಯಾಯವಾದುದಾಗಿರಲಿ, ಕಾಳಗಕ್ಕೆ ಅದರದೇ ಆದ ಒಂದು ನ್ಯಾಯವಿದೆಯೆಂಬುದು ಗುರುವಿನ ವಾದ. ಕಥೆಯ ನ್ಯಾಯಕ್ಕೂ ಕಣದ ನ್ಯಾಯಕ್ಕೂ ಇರುವ ಈ ತಿಕ್ಕಾಟವು ಅಂದಿನಿಂದ ನಿಂತಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ಕಣದ ನ್ಯಾಯವನ್ನು ಕಾಯುವವರೇ ಬೇರೆಯಾಗಿದ್ದರೆಂಬುದು ತಿಳಿದುಬರುತ್ತದೆ. ಸುಮಾರು ೧೫೨೦ರಲ್ಲಿ ಆ ಪಟ್ಟಣವನ್ನು ಕಂಡ ಪೋರ್ತುಗಲ್ಲಿನ ದೊಮಿಂಗೋ ಪಾಯೆಸನು, ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಬಳಿದುಕೊಂಡು, ಭಾರಗಳನ್ನೆತ್ತಿ ಕತ್ತಿ ಬೀಸಿ ಬೆವರಿಳಿಸಿದ ಮೇಲೆ ತನ್ನ ಜಟ್ಟಿಯೊಬ್ಬನೊಡನೆ ಹೆಣಗುತ್ತಿದ್ದನೆಂದು ಬರೆದಿರುವನು. ಮಹಾನವಮಿಯ ಉತ್ಸವದಲ್ಲಿ ಅರಸನ ಮುಂದೆ ನಡೆಯುತ್ತಿದ್ದ ಮಲ್ಲಯುದ್ಧವು ತನ್ನ ದೇಶದ ಕುಸ್ತಿಯಂತಲ್ಲವೆಂದೂ, ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ, ಮುಖವು ವಿಕಾರವಾಗುವಂತೆ ಗುದ್ದುಗಳು ಬೀಳುತ್ತಿದ್ದುವೆಂದೂ ಅವನು ಹೇಳುವನು. ಅದೇ ವರ್ಣನೆಯಲ್ಲಿ, ಇಬ್ಬರನ್ನೂ ಸಮಸಮವಾಗಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ತಕ್ಕ ಮರ್ಯಾದೆಯನ್ನು ನಿರ್ಣಯಿಸುವುದಕ್ಕೂ ನಾಯಕರೂ ತೀರ್ಪುಗಾರರೂ ಇದ್ದರೆಂಬ ಮಾತು ಬಂದಿದೆ. ರಕ್ತ ಹರಿಯುವ ಕಣದಲ್ಲಿಯೂ ಸಮಬಲವೇ ಮೊದಲ ನಿಯಮ. ಮೈಸೂರಿನ ಗರಡಿಗಳಲ್ಲಿ ಜೋಡಿ ಕಟ್ಟುವುದೆಂದು ಇಂದು ಕರೆಯುವ ಕಾರ್ಯವೂ ಇದೇ. ದಸರೆಗೆ ಮೊದಲು ಹಿರಿಯರು ಕುಳಿತು, ಯಾರಿಗೆ ಯಾರು ಸಾಟಿಯೆಂಬುದನ್ನು ಮೈಕಟ್ಟು, ವಯಸ್ಸು, ಹಿಂದಿನ ಕುಸ್ತಿಗಳನ್ನು ನೋಡಿ ಗೊತ್ತುಮಾಡುವರು. ಕುಸ್ತಿಯ ಹಿಂದೆ ಕಥೆಯನ್ನು ಹೂಡುವ ಕೈ ಯಾವುದಾದರೂ ನಮ್ಮ ಸಂಪ್ರದಾಯದಲ್ಲಿ ಇದ್ದರೆ ಅದು ಈ ಜೋಡಿ ಕಟ್ಟುವವರ ಕೈಯೇ. ಆದರೆ ಅವರು ಆರಂಭವನ್ನು ಮಾತ್ರ ಬರೆಯುವರು. ಮುಕ್ತಾಯವನ್ನು ಮಣ್ಣಿಗೆ ಬಿಡುವರು.

ಮೈಸೂರಿನ ಅರಸರಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಥೆಯು ಈ ಪ್ರಸ್ತಾಪದಲ್ಲಿ ಎಲ್ಲರ ನಾಲಗೆಯ ಮೇಲೂ ಬರುವುದು. ೧೬೩೮ರಲ್ಲಿ ಪಟ್ಟಕ್ಕೆ ಬರುವ ಮೊದಲು, ತಿರುಚಿರಾಪಳ್ಳಿಯ ಜಟ್ಟಿಯೊಬ್ಬನು ತನ್ನ ಚಲ್ಲಣವನ್ನು ಊರ ಬಾಗಿಲಿಗೆ ತೂಗಹಾಕಿಸಿ, ಅದರ ಕೆಳಗೆ ನುಸುಳಿದವರೆಲ್ಲರೂ ತನಗೆ ಸೋತಂತೆಯೆಂದು ಸಾರಿದ್ದನ್ನು ಕೇಳಿ, ಇವನು ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿ, ಅವನನ್ನು ಕೆಡಹಿ, ಮನ್ನಣೆಗೆ ನಿಲ್ಲದೆ ಮರಳಿದನೆಂಬುದು ಐತಿಹ್ಯ. ಇದರಲ್ಲಿ ಹಗೆಯ ಕಥೆಗೆ ಬೇಕಾದ ಅಂಗಗಳೆಲ್ಲ ಇವೆ: ಸವಾಲು, ಅಪಮಾನ, ಮರೆಯ ವೇಷ, ಅನಿರೀಕ್ಷಿತನಾದ ಎದುರಾಳಿ. ಮುಂದೆ ೧೯೧೫ರಲ್ಲಿ ನ್ಯೂಯಾರ್ಕ್ ಪಟ್ಟಣದಲ್ಲಿ ಮುಖವಾಡ ಹಾಕಿದ ಮಲ್ಲನೊಬ್ಬನನ್ನು ರಂಗಕ್ಕೆ ತಂದು ಜನರ ಕುತೂಹಲವನ್ನು ಕೆರಳಿಸಿದವರು ಹೊಸದೇನನ್ನೂ ಕಂಡುಹಿಡಿಯಲಿಲ್ಲವೆಂದೇ ಹೇಳಬೇಕು. ೧೯೬೦ರಲ್ಲಿ ‘ರಣಧೀರ ಕಂಠೀರವ’ವೆಂಬ ಕನ್ನಡ ಚಲಚ್ಚಿತ್ರವು ಬಂದಾಗ ಜನರು ಅದನ್ನು ಆದರಿಸಿದುದಕ್ಕೆ ಈ ಐತಿಹ್ಯದ ಬಲವೂ ಒಂದು ಕಾರಣ.

ಅದೇ ಮೈಸೂರಿನಲ್ಲಿ ಕಥೆಯೇ ಬೇಡವಾದ ಕಾಳಗವೂ ಒಂದುಂಟು. ವಿಜಯದಶಮಿಯ ಬೆಳಗ್ಗೆ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗವು ನಡೆಯುವುದು. ತಲೆ ಬೋಳಿಸಿಕೊಂಡು ಸಣ್ಣ ಜುಟ್ಟನ್ನು ಮಾತ್ರ ಉಳಿಸಿಕೊಂಡ ಜಟ್ಟಿಗಳು, ಮೊನೆಗಳುಳ್ಳ ಮುಷ್ಟಿಯನ್ನು ಬೆರಳುಗಳಿಗೆ ತೊಟ್ಟು ಎದುರಾಗುವರು. ಒಬ್ಬನ ತಲೆಯಿಂದ ರಕ್ತದ ಹನಿಯು ಕಾಣಿಸಿದೊಡನೆಯೇ ಕಾಳಗವು ಮುಗಿಯುವುದು. ಗೆದ್ದವನ ಹೆಸರನ್ನು ಮರುವರ್ಷದವರೆಗೆ ನೆನಪಿನಲ್ಲಿಡುವವರು ವಿರಳ. ಅಲ್ಲಿ ಹಗೆಯಿಲ್ಲ, ಬಿರುದಿಲ್ಲ. ರಕ್ತವು ನೆಲಕ್ಕೆ ಬಿದ್ದರೆ ವಿಧಿಯು ಮುಗಿಯಿತು. ಕುಸ್ತಿಗೂ ವಿಧಿಗೂ ಇರುವ ಭೇದವು ಇದರಿಂದ ಸ್ಪಷ್ಟವಾಗುವುದು. ವಿಧಿಗೆ ಯಾರು ಗೆದ್ದರೂ ಸಮ. ಕುಸ್ತಿಗೆ ಯಾರು ಗೆದ್ದರೆಂಬುದೇ ಸರ್ವಸ್ವ.

ಇನ್ನು ಪರದೇಶದ ಕಡೆಗೆ ತಿರುಗುವುದಕ್ಕೆ ಮೊದಲು ಭರತಖಂಡದಲ್ಲೆಲ್ಲ ಹೆಸರಾದ ಒಂದು ಹಗೆಯನ್ನು ನೋಡಬೇಕು. ಅಮೃತಸರದ ಸೀಮೆಯಲ್ಲಿ ಸುಮಾರು ೧೮೭೮ರಲ್ಲಿ ಹುಟ್ಟಿ, ದತಿಯಾ ಸಂಸ್ಥಾನದ ಆಶ್ರಯದಲ್ಲಿ ಬೆಳೆದ ಗಾಮಾ ಪೈಲ್ವಾನನು ಎತ್ತರದಲ್ಲಿ ಸಾಧಾರಣನು. ಅವನ ದಾರಿಯಲ್ಲಿ ಅಡ್ಡ ನಿಂತಿದ್ದವನು ಗುಜರಾನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾ. ಅವನ ಎತ್ತರ ಏಳಡಿಗೆ ಸಮೀಪ, ವಯಸ್ಸಿನಲ್ಲಿಯೂ ಹಿರಿಯ, ಕೀರ್ತಿಯಲ್ಲಿಯೂ ಹಿರಿಯ. ಇವರಿಬ್ಬರ ಮೊದಲ ಕುಸ್ತಿಯು ತೀರ್ಮಾನವಾಗದೆ ಸರಿಸಮವಾಗಿ ಮುಗಿಯಿತು. ಸಮವಾಗಿ ಮುಗಿದ ಕುಸ್ತಿಯೇ ಕಥೆಯ ತಾಯಿ. ಗೆಲುವು ಮಾತನ್ನು ಮುಗಿಸುವುದು. ಸಮವಾದುದು ಮಾತನ್ನು ಹುಟ್ಟಿಸುವುದು. ಯಾರೂ ಕುಳಿತು ಬರೆಯದಿದ್ದರೂ ಈ ಹಗೆಯು ಊರಿಂದೂರಿಗೆ ಬೆಳೆಯಿತು. ಗಾಮಾನು ಲಂಡನ್ನಿಗೆ ಹೋಗಿ ಜಯಶಾಲಿಯಾಗಿ ಮರಳಿದ ಮೇಲೆಯೇ ಅಲಹಾಬಾದಿನಲ್ಲಿ ಇಬ್ಬರೂ ಮತ್ತೆ ಎದುರಾಗಿ, ದೀರ್ಘವಾದ ಹೆಣಗಾಟದ ತರುವಾಯ ಗಾಮಾನು ಗೆದ್ದನು. ಲಂಡನ್ನಿನ ಕೀರ್ತಿಯು ಕೈಗೆ ಬಂದಿದ್ದರೂ, ರಹೀಮನನ್ನು ಗೆಲ್ಲುವವರೆಗೆ ನಮ್ಮ ಜನರು ಅವನನ್ನು ಪೂರ್ಣವಾಗಿ ಒಪ್ಪಿರಲಿಲ್ಲವೆಂಬುದು ಗಮನಿಸತಕ್ಕ ವಿಷಯ.

ಲಂಡನ್ನಿನ ಸಂಗತಿಯು ನಡೆದುದು ೧೯೧೦ರಲ್ಲಿ. ಗಾಮಾನೂ ಅವನ ತಮ್ಮನಾದ ಇಮಾಂ ಬಕ್ಷನೂ ಬೆಂಜಮಿನ್ ಎಂಬ ವ್ಯವಸ್ಥಾಪಕನೊಡನೆ ಅಲ್ಲಿಗೆ ಹೋದರು. ಮೊದಲು ಅಮೆರಿಕದ ಡಾಕ್ಟರ್ ರೋಲರನನ್ನು ಗಾಮಾನು ಸುಲಭವಾಗಿ ಕೆಡಹಿದನು. ಸೆಪ್ಟೆಂಬರ್ ೧೦ರಂದು ಪೋಲೆಂಡಿನ ಸ್ತಾನಿಸ್ಲಾಸ್ ಝ್ಬಿಸ್ಕೋ ಎಂಬವನೊಡನೆ ಕುಸ್ತಿಯಾಯಿತು. ಗಾಮಾನ ವೇಗವನ್ನು ಮೊದಲ ಕ್ಷಣದಲ್ಲಿಯೇ ಅರಿತ ಝ್ಬಿಸ್ಕೋ ನೆಲಕ್ಕೆ ಕವಿಚಿ ಬಿದ್ದು ಎದ್ದೇಳಲೇ ಇಲ್ಲ. ಎರಡೂವರೆ ಗಂಟೆಗಳಿಗಿಂತಲೂ ಹೆಚ್ಚು ಹೊತ್ತು ಗಾಮಾನು ಆ ಬಂಡೆಯನ್ನು ಮಗುಚಲು ಯತ್ನಿಸಿದನು, ಆಗಲಿಲ್ಲ. ನೋಡುವವರಿಗೆ ಬೇಸರವಾಯಿತು, ಪತ್ರಿಕೆಗಳು ಜರೆದುವು. ಸೆಪ್ಟೆಂಬರ್ ೧೭ರಂದು ಮತ್ತೆ ಕುಸ್ತಿಯೆಂದು ಗೊತ್ತಾಗಿದ್ದರೂ ಝ್ಬಿಸ್ಕೋ ಬರಲೇ ಇಲ್ಲ. ೨೫೦ ಪೌಂಡುಗಳ ಪಣವೂ ಜಾನ್ ಬುಲ್ ನಡುಕಟ್ಟೂ ಗಾಮಾನಿಗೆ ಸಂದುವು. ಕಥೆ ಕಟ್ಟುವವನ ಕಣ್ಣಿನಿಂದ ನೋಡಿದರೆ ಇದಕ್ಕಿಂತ ನೀರಸವಾದ ಕುಸ್ತಿ ಇನ್ನೊಂದಿಲ್ಲ. ನಿಜವಾದ ಕುಸ್ತಿಗೆ ಈ ದೋಷವುಂಟು. ಅದು ಜನರ ಆಸೆಗೆ ತಕ್ಕಂತೆ ಮುಗಿಯಬೇಕಾದ ಹಂಗಿನಲ್ಲಿಲ್ಲ.

ಈ ದೋಷವನ್ನು ತಿದ್ದಲು ಹೊರಟವರು ಅಮೆರಿಕದವರು. ಅಲ್ಲಿ ಫ್ರಾಂಕ್ ಗಾಚನೂ ರಷ್ಯದ ಜಾರ್ಜ್ ಹ್ಯಾಕೆನ್‌ಸ್ಮಿತ್ತನೂ ೧೯೦೮ರಲ್ಲಿಯೂ ೧೯೧೧ರಲ್ಲಿಯೂ ಶಿಕಾಗೋ ಪಟ್ಟಣದಲ್ಲಿ ಎದುರಾದಾಗ ಜನರು ಸಾವಿರಗಟ್ಟಲೆ ನೆರೆದಿದ್ದರು. ಅಂಥ ಹಗೆಯು ವರ್ಷಕ್ಕೊಂದು ಹುಟ್ಟುವುದಿಲ್ಲ. ಹುಟ್ಟಿದರೂ ಗಂಟೆಗಟ್ಟಲೆ ನೆಲದಲ್ಲಿ ಹೊರಳಾಡಿ ಮುಗಿದರೆ ಮರುದಿನ ಟಿಕೆಟು ಕೊಳ್ಳುವವರಿಲ್ಲ. ಹೀಗಿರಲು ಎಡ್ ಲೂಯಿಸ್ ಎಂಬ ಮಲ್ಲನೂ, ಬಿಲ್ಲಿ ಸ್ಯಾಂಡೋ ಎಂಬ ವ್ಯವಸ್ಥಾಪಕನೂ, ಟೂಟ್ಸ್ ಮಾಂಟ್ ಎಂಬ ಯುಕ್ತಿವಂತನೂ ೧೯೨೦ರ ದಶಕದಲ್ಲಿ ಒಂದುಗೂಡಿ ಈ ಉದ್ಯಮವನ್ನು ಹೊಸ ದಾರಿಗೆ ಹಚ್ಚಿದರು. ಮಲ್ಲರನ್ನು ಸಂಬಳದ ಕರಾರಿಗೆ ತೆಗೆದುಕೊಂಡು, ನಾಟಕ ಮಂಡಳಿಯಂತೆ ಊರಿಂದೂರಿಗೆ ಸಾಗಿಸಿದರು. ಹಿಡಿತಗಳ ಜೊತೆಗೆ ಗುದ್ದು, ಎತ್ತಿ ಎಸೆತಗಳನ್ನು ಬೆರೆಸಿದರು; ಕುಸ್ತಿಗೆ ಹೊತ್ತಿನ ಮಿತಿಯನ್ನು ಹಾಕಿದರು. ಎಲ್ಲಕ್ಕಿಂತ ಮುಖ್ಯವಾಗಿ, ಇಂದಿನ ಕುಸ್ತಿಯ ಕೊನೆಯು ನಾಳಿನ ಕುಸ್ತಿಗೆ ಕಾರಣವಾಗುವಂತೆ ಕಥೆಯನ್ನು ಹೆಣೆದರು. ಯಾರು ಸೋಲಬೇಕೆಂಬುದು ಮೊದಲೇ ಗೊತ್ತು. ಗೊತ್ತಿಲ್ಲದವರು ಹಣ ಕೊಟ್ಟು ಕುಳಿತವರು ಮಾತ್ರ. ಪಂಜಾಬದ ಕಡೆ ಇಂಥದಕ್ಕೆ ನೂರಾ ಕುಸ್ತಿಯೆಂದು ಹೆಸರಿಟ್ಟು ಅಖಾಡದಿಂದ ಓಡಿಸುತ್ತಿದ್ದರು. ಇಲ್ಲಿ ಅದೇ ರಾಜಮಾರ್ಗವಾಯಿತು.

ಈ ಕಥೆಗಾರಿಕೆಯ ಬಲವೂ ದೌರ್ಬಲ್ಯವೂ ಒಂದೇ ವರ್ಷದಲ್ಲಿ ಬಯಲಾದುವು. ವೇನ್ ಮನ್ ಎಂಬವನು ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಕಾಲ್ಚೆಂಡಿನ ಆಟಗಾರ. ದೈತ್ಯದೇಹಿ, ಆದರೆ ಕುಸ್ತಿಯಲ್ಲಿ ಎಳೆಯ. ಅವನಿಂದ ಲೂಯಿಸನು ಸೋತು, ಮುಂದೊಂದು ದಿನ ಸೇಡು ತೀರಿಸಿಕೊಂಡರೆ ಎರಡು ಬಾರಿಯೂ ರಂಗವು ತುಂಬುವುದೆಂದು ಮೂವರೂ ಯೋಚಿಸಿದರು. ಅದರಂತೆ ೧೯೨೫ನೆಯ ಜನವರಿ ೮ರಂದು ಕ್ಯಾನ್ಸಾಸ್ ಪಟ್ಟಣದಲ್ಲಿ ಮನ್ನನು ಜಗಜ್ಜಟ್ಟಿಯಾದನು. ಹೊಸ ಜಗಜ್ಜಟ್ಟಿಯ ಕೀರ್ತಿಯನ್ನು ಬೆಳೆಸುವುದಕ್ಕೆ ಹೆಸರಾಂತ ಹಳೆಯ ಮಲ್ಲನೊಬ್ಬನು ಅವನಿಗೆ ಸೋಲಬೇಕಾಗಿದ್ದಿತು. ಅದಕ್ಕಾಗಿ ಆರಿಸಿದುದು ಯಾರನ್ನು? ಹದಿನೈದು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಗಾಮಾನ ಕೆಳಗೆ ಬಂಡೆಯಂತೆ ಬಿದ್ದಿದ್ದ ಅದೇ ಝ್ಬಿಸ್ಕೋ. ಏಪ್ರಿಲ್ ೧೫ರಂದು ಫಿಲಡೆಲ್ಫಿಯಾದಲ್ಲಿ ಇಬ್ಬರೂ ರಂಗಕ್ಕೆ ಬಂದರು. ಝ್ಬಿಸ್ಕೋ ಎದುರು ಬಣದವರೊಡನೆ ಒಳಗೊಳಗೆ ಮಾತಾಡಿಕೊಂಡಿದ್ದನು. ಗಂಟೆ ಹೊಡೆದೊಡನೆ ಅವನು ಕೊಟ್ಟ ಮಾತನ್ನು ಬದಿಗಿಟ್ಟು ನಿಜವಾಗಿಯೇ ಹಿಡಿದನು. ಮನ್ನನನ್ನು ಮತ್ತೆ ಮತ್ತೆ ಬೆನ್ನು ಹತ್ತಿಸಿದನು. ಸಾವಿರಾರು ಕಣ್ಣುಗಳ ಮುಂದೆ ಕಾಣುತ್ತಿದ್ದುದನ್ನು ತೀರ್ಪುಗಾರನು ಅಲ್ಲಗಳೆಯಲಾರದೆ ಝ್ಬಿಸ್ಕೋ ಗೆದ್ದನೆಂದು ಸಾರಬೇಕಾಯಿತು. ಕೆಲವು ವಾರಗಳಲ್ಲಿ, ಮೇ ೩೦ರಂದು, ಸೇಂಟ್ ಲೂಯಿಸ್ ಪಟ್ಟಣದಲ್ಲಿ ಅವನು ಆ ಪಟ್ಟವನ್ನು ಎದುರು ಬಣದ ಜೋ ಸ್ಟೆಚರನಿಗೆ ಸೋತು ಒಪ್ಪಿಸಿದನು.

ಈ ಪ್ರಸಂಗದಲ್ಲಿ ನಗು ತರುವ ಭಾಗವಿರುವಂತೆಯೇ ಯೋಚನೆಗೆ ಹಚ್ಚುವ ಭಾಗವೂ ಇದೆ. ಝ್ಬಿಸ್ಕೋ ಮಾಡಿದುದು ವಂಚನೆಯೋ ಸತ್ಯವೋ? ತನಗೆ ಕೂಲಿ ಕೊಟ್ಟವರಿಗೆ ಅವನು ಮಾತು ತಪ್ಪಿದನು. ಅದೂ ಎದುರು ಬಣದ ಲಾಭಕ್ಕಾಗಿ. ಆದರೆ ಆ ರಾತ್ರಿ ಹಣ ಕೊಟ್ಟು ಕುಳಿತಿದ್ದ ಜನರು ತಮಗೆ ಹೇಳಿದ್ದುದನ್ನೇ, ಎಂದರೆ ನಿಜವಾದ ಕುಸ್ತಿಯನ್ನು, ನೋಡಿದರು. ಸುಳ್ಳೇ ವ್ಯವಹಾರವಾದ ಸ್ಥಳದಲ್ಲಿ ಸತ್ಯವು ದ್ರೋಹದ ವೇಷದಿಂದಲ್ಲದೆ ಒಳಗೆ ಬರಲಾರದಾಯಿತು. ಸೋಮೇಶ್ವರನ ಪಟ್ಟಿಯ ದ್ರೋಹದ ಅಂಕದಲ್ಲಿ ಇಂಥದನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಆ ಅರಸನೂ ಒಡನೆ ಹೇಳಲಾರನು.

ಮೂರು ವರ್ಷಗಳಾದ ಮೇಲೆ ಹಳೆಯ ಬಾಕಿಯು ತೀರಿತು. ೧೯೨೮ನೆಯ ಜನವರಿಯಲ್ಲಿ ಪಟಿಯಾಲದ ಮಹಾರಾಜ ಭೂಪೇಂದ್ರ ಸಿಂಹನು ಗಾಮಾ ಝ್ಬಿಸ್ಕೋರನ್ನು ಮತ್ತೆ ಎದುರುಬದುರು ನಿಲ್ಲಿಸಿದನು. ಇಬ್ಬರಿಗೂ ಐವತ್ತರ ಸಮೀಪ. ದೂರದೂರದಿಂದ ಅಪಾರ ಜನರು ನೆರೆದಿದ್ದರು. ಹದಿನೆಂಟು ವರ್ಷಗಳ ಹಿಂದೆ ತೀರದೆ ಉಳಿದಿದ್ದ ಪ್ರಶ್ನೆಗೆ ಉತ್ತರವು ಬರಬೇಕಾಗಿದ್ದಿತು. ಒಂದು ನಿಮಿಷ ತುಂಬುವ ಮೊದಲೇ ಝ್ಬಿಸ್ಕೋ ಬೆನ್ನ ಮೇಲೆ ಬಿದ್ದಿದ್ದನು. ಮೊದಲನೆಯದು ಜನರಿಗೆ ಬೇಡವಾದಷ್ಟು ದೀರ್ಘ, ಎರಡನೆಯದು ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಹ್ರಸ್ವ. ಕಥೆಗಾರನು ಬರೆದಿದ್ದರೆ ಎರಡನ್ನೂ ಹೀಗೆ ಬರೆಯುತ್ತಿರಲಿಲ್ಲ. ಆದರೆ ಇವೆರಡನ್ನೂ ಜೋಡಿಸಿ ನೋಡಿದರೆ ಬರೆದವರಿಲ್ಲದ ಒಂದು ಕಥೆಯು ಎದ್ದು ನಿಲ್ಲುವುದು. ಒಂದು ತಲೆಮಾರಿನ ಕಾಲ ಕಾದುಕೊಂಡು ಬಂದ ಜನರ ತಾಳ್ಮೆಗೆ ಆ ಅರೆಗಳಿಗೆಯು ಸಾಕಾಯಿತು; ಯಾರೂ ಹಣ ಹೋಯಿತೆಂದು ಗೊಣಗಲಿಲ್ಲ.

ಗಾಮಾನ ತರುವಾಯ ನಮ್ಮ ದೇಶದಲ್ಲಿಯೂ ಎರಡು ದಾರಿಗಳು ಕವಲೊಡೆದುವು. ಗರಡಿಯ ಮಣ್ಣಿನ ಕುಸ್ತಿಯು ಒಂದು ಕಡೆ. ನಾಲ್ಕು ಮೂಲೆಗೆ ಕಂಬ ನೆಟ್ಟು, ಹಗ್ಗ ಬಿಗಿದ ಕಟ್ಟೆಯ ಮೇಲಣ ಕುಸ್ತಿಯು ಇನ್ನೊಂದು ಕಡೆ. ಎರಡನೆಯದರಲ್ಲಿ ೧೯೫೦ರ, ೧೯೬೦ರ ದಶಕಗಳಲ್ಲಿ ದಾರಾಸಿಂಗನೂ, ಕಿಂಗ್ ಕಾಂಗ್ ಎಂಬ ಹೆಸರಿನ ಹಂಗೇರಿಯನ್ ವಂಶದ ಎಮಿಲಿ ಜಾಜನೂ ಹೂಡಿದ ಹಗೆಯು ಮನೆಮಾತಾಯಿತು. ಒಬ್ಬನು ಸುಂದರಾಂಗನಾದ ಸೌಮ್ಯ ಪೈಲ್ವಾನ, ಇನ್ನೊಬ್ಬನು ಪರ್ವತಾಕಾರದ ಗರ್ಜಿಸುವ ಎದುರಾಳಿ. ಭಿತ್ತಿಪತ್ರವನ್ನು ನೋಡಿದ ಮಾತ್ರಕ್ಕೆ ಯಾರ ಪಕ್ಷವೆಂಬುದು ಮಗುವಿಗೂ ತಿಳಿಯುತ್ತಿದ್ದಿತು. ೧೯೬೮ರಲ್ಲಿ ಬೊಂಬಾಯಿಯಲ್ಲಿ ಅಮೆರಿಕದ ಲೂ ಥೆಸ್ಜನ ಮೇಲೆ ದಾರಾಸಿಂಗನು ಗಳಿಸಿದ ಜಯವನ್ನು ದೇಶವೇ ಕೊಂಡಾಡಿತು. ೧೯೯೦ರ ದಶಕದಲ್ಲಿ ದೂರದರ್ಶಿಯ ಹೊಸ ವಾಹಿನಿಗಳು ಬಂದ ಮೇಲೆ ಅಮೆರಿಕದ ಕಥೆಕುಸ್ತಿಯು ಹಳ್ಳಿಯ ಮನೆಗಳ ಪಡಸಾಲೆಗೂ ಇಳಿಯಿತು. ಮಕ್ಕಳು ಆ ಮಲ್ಲರ ಚಿತ್ರವಿರುವ ಎಲೆಗಳನ್ನು ಕೂಡಿಹಾಕಿ ಆಡತೊಡಗಿದರು. ಊರ ಗರಡಿಯ ಪೈಲ್ವಾನನ ಹೆಸರನ್ನು ಅರಿಯದ ಹುಡುಗನು ಸಮುದ್ರದಾಚೆಯ ಹಗೆಗಳ ವಂಶಾವಳಿಯನ್ನು ತಪ್ಪಿಲ್ಲದೆ ಹೇಳಬಲ್ಲವನಾದನು.

ಇದರಲ್ಲಿ ಹೆಚ್ಚು ವಿಸ್ಮಯದ ಸಂಗತಿಯೆಂದರೆ, ೧೯೮೯ರಲ್ಲಿ ಈ ಉದ್ಯಮದ ಒಡೆಯರೇ ನ್ಯೂ ಜೆರ್ಸಿಯ ಶಾಸನಸಭೆಯ ಮುಂದೆ ಇದು ಸ್ಪರ್ಧೆಯಲ್ಲ, ಜನರ ವಿನೋದಕ್ಕಾಗಿ ಮಾಡುವ ಪ್ರದರ್ಶನವೆಂದು ಒಪ್ಪಿಕೊಂಡುದು. ಸ್ಪರ್ಧೆಯೆಂದರೆ ಸರಕಾರದ ಮೇಲ್ವಿಚಾರಣೆಯೂ ಸುಂಕವೂ ತಗಲುತ್ತಿದ್ದುವು. ಅದನ್ನು ತಪ್ಪಿಸಿಕೊಳ್ಳಲು ಎಪ್ಪತ್ತು ವರ್ಷಗಳ ಗುಟ್ಟನ್ನು ಬಿಟ್ಟುಕೊಟ್ಟರು. ಗುಟ್ಟು ಒಡೆದರೆ ಜನರು ಬೆನ್ನು ತಿರುಗಿಸುವರೆಂದು ಹಿಂದಿನವರು ಅಂಜಿದ್ದರು. ಹಾಗಾಗಲಿಲ್ಲ, ಜನರು ಮೊದಲಿಗಿಂತ ಹೆಚ್ಚಾಗಿಯೇ ಬಂದರು.

ಇದಕ್ಕೆ ಕಾರಣವನ್ನು ಹುಡುಕಲು ಎಡೆದೊರೆನಾಡನ್ನು ಬಿಟ್ಟು ಹೋಗಬೇಕಾದುದಿಲ್ಲ. ರಾಯಚೂರು ಬಳ್ಳಾರಿಗಳ ಊರುಗಳಲ್ಲಿ ಸುಗ್ಗಿಯಾದ ಮೇಲೆ ಬಯಲಾಟವನ್ನು ಆಡುವರು. ಭೀಮನು ಬಂದು ಎದೆ ತಟ್ಟುವನು. ಕೀಚಕನೋ ಜರಾಸಂಧನೋ ಇದಿರಾಗುವನು. ಬೆಳಕು ಹರಿಯುವ ಹೊತ್ತಿಗೆ ದುಷ್ಟನು ಬೀಳುವನು. ಅವನು ಬೀಳುವನೆಂಬುದನ್ನು ತೊಟ್ಟಿಲ ಕೂಸನ್ನು ಬಿಟ್ಟು ಎಲ್ಲರೂ ಬಲ್ಲರು. ಆದರೂ ಇಡೀ ರಾತ್ರಿ ಕಣ್ಣು ಮುಚ್ಚದೆ ಕುಳಿತಿರುವರು. ಭೀಮನು ಗುದ್ದಿದಾಗ ತಾವೇ ಗುದ್ದಿದಂತೆ ಹಿಗ್ಗುವರು. ಅಲ್ಲಿ ಮೋಸವೆಂಬ ಮಾತೇ ಹುಟ್ಟುವುದಿಲ್ಲ. ಏಕೆಂದರೆ ಆಟವು ತನ್ನನ್ನು ಆಟವೆಂದೇ ಕರೆದುಕೊಂಡಿದೆ. ರನ್ನನ ಕೇಳುಗರೂ ಹೀಗೆಯೇ ಕೇಳಿದರು. ಆದುದರಿಂದ ಅಮೆರಿಕದ ಮೂವರು ಮಾಡಿದ ತಪ್ಪು ಕಥೆಯನ್ನು ಕಟ್ಟಿದುದಲ್ಲ. ಬಯಲಾಟವನ್ನು ಆಡಿ ಅದಕ್ಕೆ ಕುಸ್ತಿಯೆಂದು ಹೆಸರಿಟ್ಟುದು. ೧೯೮೯ರಲ್ಲಿ ಹೆಸರು ಸರಿಯಾಯಿತು. ಸರಿಪಡಿಸಿದುದು ಧರ್ಮಬುದ್ಧಿಯಿಂದಲ್ಲ, ಸುಂಕದ ಭಯದಿಂದ ಎಂಬುದು ಬೇರೆಯ ಮಾತು.

ಆದರೂ ಲೆಕ್ಕದಲ್ಲಿ ಒಂದು ನಷ್ಟವು ಉಳಿಯುವುದು. ಬಯಲಾಟದ ಭೀಮನು ಎಂದಿಗೂ ಸೋಲಲಾರನು. ಸೋಲಲಾರದವನ ಗೆಲುವಿನಲ್ಲಿ ಆನಂದವಿದೆ, ಆತಂಕವಿಲ್ಲ. ಮಣ್ಣಿನ ಮೇಲೆ ನಿಂತ ಪೈಲ್ವಾನನಿಗೆ ಅಂಥ ಅಭಯವಿಲ್ಲ. ಅವನ ಊರು, ಅವನ ಉಸ್ತಾದ, ಅವನು ವರ್ಷವೆಲ್ಲ ಹೊಡೆದ ಸಾಮು ಇವೆಲ್ಲವೂ ಒಂದು ಜಾರಿಗೆ ಬೀಳಬಹುದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಜನರು ನಗುವುದಕ್ಕಾಗಿ ಆಡುವರು. ಆದರೆ ನಿಜವಾಗಿ ಬಿದ್ದವನಿಗೇ ಆ ಸಮಾಧಾನವು ಬೇಕಾಗುವುದು. ಗೊತ್ತುಮಾಡಿಕೊಂಡು ಬಿದ್ದವನ ಮೀಸೆಯ ಚಿಂತೆ ಯಾರಿಗೂ ಇಲ್ಲ.

ಝ್ಬಿಸ್ಕೋನ ಕೊನೆಯ ಪ್ರಸಂಗವೂ ಇದನ್ನೇ ನೆನಪಿಗೆ ತರುವುದು. ೧೯೫೦ರಲ್ಲಿ ಲ೦ಡನ್ನಿನ ಕುಸ್ತಿಯ ವ್ಯಾಪಾರವನ್ನು ಕುರಿತ ‘ನೈಟ್ ಅಂಡ್ ದಿ ಸಿಟಿ’ ಎಂಬ ಚಲಚ್ಚಿತ್ರವೊಂದು ಹೊರಬಂದಿತು. ಮಗನು ನಡೆಸುವ ಸೋಗಿನ ಕುಸ್ತಿಯನ್ನು ಕಂಡು ಹೇಸುವ, ಹಳೆಯ ವಿದ್ಯೆಯಲ್ಲಿಯೇ ನಿಷ್ಠೆಯನ್ನಿಟ್ಟಿರುವ ವೃದ್ಧ ಮಲ್ಲನ ಪಾತ್ರವು ಅದರಲ್ಲಿದೆ. ಎಪ್ಪತ್ತರ ಅಂಚಿನಲ್ಲಿದ್ದ ಝ್ಬಿಸ್ಕೋ ಆ ಪಾತ್ರವನ್ನು ಧರಿಸಿದನು. ಆ ವೃದ್ಧನು ಕಡೆಗೆ ಎಳೆಯ ಮಲ್ಲನೊಬ್ಬನೊಡನೆ ನಿಜವಾಗಿಯೇ ಸೆಣಸಿ, ಗೆದ್ದು, ಆ ದಣಿವಿನಿಂದಲೇ ಮಗನ ತೋಳಿನಲ್ಲಿ ಪ್ರಾಣ ಬಿಡುವನು. ಬರೆದಿಟ್ಟ ಕಥೆಯನ್ನು ೧೯೨೫ರಲ್ಲಿ ರಂಗದ ಮೇಲೆ ಮುರಿದವನು, ೧೯೫೦ರಲ್ಲಿ ಬರೆದಿಟ್ಟ ಕಥೆಯೊಂದರೊಳಗೆ ನಿಂತು ನಿಜವಾದ ಕುಸ್ತಿಯ ಪರವಾಗಿ ಮಾತಾಡಿದನು. ಅವನು ೧೯೬೭ರಲ್ಲಿ ತೀರಿಕೊಂಡನು. ಗಾಮಾನು ಅವನಿಗಿಂತ ಏಳು ವರ್ಷ ಮೊದಲೇ, ೧೯೬೦ರಲ್ಲಿ, ಲಾಹೋರಿನಲ್ಲಿ ತೀರಿಕೊಂಡಿದ್ದನು.

ಜಾತ್ರೆಯ ಬಯಲಿನಲ್ಲಿ ಕಡೆಯ ಜೋಡಿಗೆ ಬೆಳ್ಳಿಯ ಕಡಗವನ್ನು ಎತ್ತಿ ತೋರಿಸುವ ಹೊತ್ತಿಗೆ ಸಾಮಾನ್ಯವಾಗಿ ಸಂಜೆಯಾಗಿರುವುದು. ಹಲಗೆಯ ಸದ್ದು ಏರುವುದು. ಇಬ್ಬರೂ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವರು. ಅವರ ಹಿಂದಿನ ಕಥೆಯನ್ನು ಬಲ್ಲವರು ಬಗಲಿನವರಿಗೆ ಪಿಸುಮಾತಿನಲ್ಲಿ ಹೇಳುತ್ತಿರುವರು. ಕೈಗೆ ಕೈ ಕೂಡಿದೊಡನೆ ಆ ಪಿಸುಮಾತು ನಿಲ್ಲುವುದು. ಮುಂದಿನದು ಹೇಳುವವನಿಗೂ ತಿಳಿಯದು.